ಬ್ಯಾಗು ಕಾಯುವವರ ಸಾಲು

ಆ ಬೇಸಿಗೆ ರಜೆಯಲ್ಲಿ ನನ್ನನ್ನು ಸಿಂಗಲ್ ರೈಡರ್ ಸಾಲಿಗೆ ಹಾಕಿದ್ದು ಕನಿಕರದಿಂದ. ಮ್ಯಾನೇಜರು ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. "ಸುಮ್ನೆ ನಿಂತ್ಕೊಂಡ್ರೆ ಸಾಕಮ್ಮ, ಜಾಸ್ತಿ ಮಾತಾಡೋ ಕೆಲಸ ಇರಲ್ಲ" ಅಂದರು. ಗಂಡ ತೀರಿಕೊಂಡು ಎರಡು ತಿಂಗಳೂ ತುಂಬದ ಹೆಂಗಸನ್ನು ಎಲ್ಲಿ ನಿಲ್ಲಿಸಿದರೆ ಯಾರಿಗೂ ಮುಜುಗರವಾಗುವುದಿಲ್ಲ ಎಂದು ಯೋಚನೆ ಮಾಡಿರಬೇಕು. ಯಾರೂ ಬರುವ ಭರವಸೆಯಿಲ್ಲದ ಒಂದು ಸಾಲಿಗೆ ಒಬ್ಬರು ಬೇಕಿತ್ತು, ನಾನಿದ್ದೆ.

ನಮ್ಮದು ಮಾಲೂರಿನಿಂದ ಕೋಲಾರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಪಾರ್ಕು. ನೀರಾಟ, ದೋಣಿ, ದೊಡ್ಡ ಚಕ್ರ ಎಲ್ಲ ಇವೆ. ಆದರೆ ಜನ ಮುಗಿಬೀಳುವುದು ರೋಲರ್ ಕೋಸ್ಟರಿಗೆ. ಕೆಲಸದವರು ನಾವೆಲ್ಲ ಅದನ್ನು ಟ್ರೈನು ಅನ್ನುತ್ತೇವೆ. ಅದರ ಪ್ಲಾಟ್‌ಫಾರಂನಲ್ಲಿ ನಾಲ್ಕು ವರ್ಷ ನಿಂತು ಜನರನ್ನು ಕೂರಿಸಿದ್ದೇನೆ, ಅವರ ತೊಡೆಯ ಮೇಲೆ ಬರುವ ಕಂಬಿಯನ್ನು ಒತ್ತಿ, ಮತ್ತೆ ಎಳೆದು ನೋಡಿ, ಆಪರೇಟರಿಗೆ ಹೆಬ್ಬೆರಳು ತೋರಿಸಿದ್ದೇನೆ. ಆದರೆ ನಾನು ಒಂದು ಸಲವೂ ಹತ್ತಿದವಳಲ್ಲ. ಬೆಳಿಗ್ಗೆ ಪರೀಕ್ಷೆಗೆಂದು ಓಡಿಸುವಾಗ ಬೇರೆ ಕೆಲಸದವರು ನಗುತ್ತಾ ಹೋಗಿ ಕೂರುತ್ತಿದ್ದರು. ನನಗೆ ಎತ್ತರ ಆಗದು. ಅವರ ಚಪ್ಪಲಿ, ಬಾಚಣಿಗೆ, ಕನ್ನಡಕ ಹಿಡಿದುಕೊಂಡು ಕೆಳಗೆ ನಿಂತಿರುತ್ತಿದ್ದೆ.

ಟ್ರೈನಿನ ಹತ್ತಿರ ಕೆಲಸ ಮಾಡುವವರು ಕೈಗೆ ಏನೂ ಹಾಕುವಂತಿಲ್ಲ. ಕಂಬಿಗೆ ಸಿಕ್ಕಿಕೊಳ್ಳುತ್ತದೆ ಎಂದು ನಿಯಮ. ಹಾಗಾಗಿ ದಿನಾ ಬೆಳಿಗ್ಗೆ ಬಳೆ ಬಿಚ್ಚಿ ಲಾಕರಿನಲ್ಲಿಟ್ಟು, ಸಂಜೆ ತೊಟ್ಟುಕೊಂಡು ಟೇಕಲ್ಲಿನ ಮನೆಗೆ ಹೋಗುತ್ತಿದ್ದೆ. ನಮ್ಮ ಯಜಮಾನರು ಟೆಂಪೋ ಓಡಿಸುತ್ತಿದ್ದರು. ಕೋಲಾರದ ಟೊಮೆಟೊ ಮಂಡಿಯಲ್ಲಿ ಲೋಡು ಇಳಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕುಳಿತವರು ಮೇಲೇಳಲಿಲ್ಲ. ಆಫೀಸಿನವರು ಬಂದು ಕರೆದಾಗ ನಾನು ಪ್ಲಾಟ್‌ಫಾರಂನಲ್ಲಿದ್ದೆ, ಹಾಗೇ ಓಡಿದೆ. ಆಮೇಲೆ ಕಾರ್ಯದ ದಿನ ಬಳೆ ಒಡೆಯಬೇಕೆಂದು ನೋಡಿದರೆ ಕೈಯಲ್ಲಿ ಬಳೆಯೇ ಇಲ್ಲ. ಸೋದರತ್ತೆಯೊಬ್ಬರು ಯಾರದೋ ಬಳೆ ಕೇಳಿ ತಂದು, ನನಗೆ ತೊಡಿಸಿ, ಒಡೆದರು. ಬಿಗಿಯಾಗಿದ್ದವು, ಹತ್ತಿಸುವಾಗ ಕೈ ತರಚಿತು. ತರಚಿದ್ದನ್ನು ಕಣ್ಣಿನಿಂದ ನೋಡಿದೆ, ನೋವು ಗೊತ್ತಾಗಲಿಲ್ಲ.

ಆ ದಿನಗಳಲ್ಲಿ ಎಲ್ಲವೂ ಹಾಗೇ ಇತ್ತು. ಅಳು ಬರುತ್ತಿರಲಿಲ್ಲ. ಜನ ಬಂದು ಅಳುತ್ತಿದ್ದರು, ನಾನು ಅವರಿಗೆ ಚಾಪೆ ಹಾಕಿ ಕೂರಿಸುತ್ತಿದ್ದೆ. ಹಸಿವಾಗದಿದ್ದರೂ ಹೊತ್ತಿಗೆ ಸರಿಯಾಗಿ ಉಂಡೆ. ನಿದ್ದೆಯೂ ಬಂತು.

ಯಲ್ದೂರಿನಲ್ಲಿರುವ ನನ್ನ ತಮ್ಮ ಮಾವಿನ ಕ್ರೇಟು ಇಡುವ ಕೋಣೆಯನ್ನು ಖಾಲಿ ಮಾಡಿಸಿ, ಸುಣ್ಣ ಬಳಿಸಿ, ದಿನಾ ಫೋನು ಮಾಡುತ್ತಿದ್ದ. "ಬಂದ್ಬಿಡಕ್ಕಾ, ಅಲ್ಲೊಬ್ಳೇ ಕೂತು ಏನ್ ಮಾಡ್ತೀಯ?" ಮಕ್ಕಳಿಲ್ಲದವಳು, ಬಾಡಿಗೆ ಮನೆ, ಅವನು ಹೇಳುವುದರಲ್ಲಿ ತಪ್ಪೇನಿಲ್ಲ. ಆದರೆ ನನಗೆ ಹೋಗುವುದು ಬೇಡವಾಗಿತ್ತು. ಒಂದು ಸಲ ಆ ಕೋಣೆಗೆ ಹೋಗಿ ಕುಳಿತರೆ ಮತ್ತೆ ಏಳುವುದಿಲ್ಲ ಎಂದು ಖಂಡಿತವಾಗಿ ಗೊತ್ತಿತ್ತು. ಆಗ ನನಗೆ ಬೇಕು ಅನ್ನಿಸುವಂಥದ್ದು ಏನೂ ಇರಲಿಲ್ಲ. ಬೇಡ ಅನ್ನಿಸಿದ್ದು ಇದೊಂದೇ.

ಪ್ಲಾಟ್‌ಫಾರಂನಲ್ಲಿದ್ದ ನನ್ನ ಜಾಗಕ್ಕೆ ಅಷ್ಟರಲ್ಲಿ ಬೇರೆಯವರು ಬಂದಿದ್ದರು. ಈ ಹೊಸ ಸಾಲು ಒಂದು ಪರೀಕ್ಷೆ. ಶಾಲೆ ಶುರುವಾಗುವವರೆಗೆ ನೋಡುವುದು, ಖಾಲಿ ಸೀಟು ತುಂಬಿದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಮುಚ್ಚುವುದು. ಸಾಲು ಮುಚ್ಚಿದರೆ ನನಗೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಯಲ್ದೂರು. ಮ್ಯಾನೇಜರು ಇದನ್ನೂ ಮೆತ್ತಗೆ ಹೇಳಿದರು.

ಸಾಲಿನ ಲೆಕ್ಕಾಚಾರ ಸರಳ. ಟ್ರೈನಿನಲ್ಲಿ ಇಬ್ಬಿಬ್ಬರು ಕೂರುವ ಹನ್ನೆರಡು ಸಾಲುಗಳಿವೆ. ಮೂವರು ಬಂದರೆ ಎರಡು ಸಾಲು ಬೇಕು, ಒಂದು ಸೀಟು ಖಾಲಿ. ಐವರು ಬಂದರೆ ಮತ್ತೊಂದು ಖಾಲಿ. ಹಿಂದಿನವರನ್ನು ಕರೆದರೆ ಬರುವುದಿಲ್ಲ, "ನಾವು ಫ್ಯಾಮಿಲಿ" ಅನ್ನುತ್ತಾರೆ. ಹೀಗೆ ಪ್ರತಿ ಟ್ರೈನೂ ನಾಲ್ಕೈದು ಖಾಲಿ ಸೀಟು ಹೊತ್ತುಕೊಂಡೇ ಹೊರಡುತ್ತದೆ. ಕೆಳಗೆ ತಗಡಿನ ಚಾವಣಿಯಡಿ ಜನ ಎರಡು ಗಂಟೆ ನಿಂತು ಬೇಯುತ್ತಿರುತ್ತಾರೆ. ಬೇರೆ ಬೇರೆ ಕೂರಲು ಒಪ್ಪುವವರನ್ನು ಇನ್ನೊಂದು ದಾರಿಯಿಂದ ಕರೆತಂದು ಆ ಖಾಲಿ ಸೀಟಿಗೆ ಹಾಕಿದರೆ ಅವರು ಬೇಗ ಹೋಗುತ್ತಾರೆ, ದೊಡ್ಡ ಸಾಲಿನಲ್ಲಿ ಅಷ್ಟು ಜನ ಕಡಿಮೆಯಾಗುತ್ತಾರೆ. ಹೊರದೇಶದ ಪಾರ್ಕುಗಳಲ್ಲೆಲ್ಲ ಇದು ಮಾಮೂಲಂತೆ.

ನಮ್ಮ ಪಾರ್ಕಿನಲ್ಲಿ ಇನ್ನೊಂದು ದಾರಿ ಅಂದರೆ ಜನ ಇಳಿದು ಬರುವ ಇಳಿಜಾರು. ಅದರ ಒಂದು ಬದಿಗೆ ಹಗ್ಗ ಕಟ್ಟಿ, ಮೇಲೆ ಪ್ಲಾಟ್‌ಫಾರಂ ಮುಟ್ಟುವ ಕಡೆ ಒಂದು ಸರಪಳಿ ಹಾಕಿ, ನನ್ನನ್ನು ಅಲ್ಲಿ ನಿಲ್ಲಿಸಿದರು. ಕೈಗೊಂದು ವಾಕಿಟಾಕಿ ಕೊಟ್ಟರು. ಗಾಜಿನ ಕೋಣೆಯಲ್ಲಿ ಕೂರುವ ಆಪರೇಟರು ಶಿವಾರಪಟ್ಟಣದವರು, ವಿಗ್ರಹ ಕೆತ್ತುವವರ ಮನೆಯವರು, ನನಗಿಂತ ಸ್ವಲ್ಪ ದೊಡ್ಡವರು. ಟ್ರೈನು ಬಂದು ನಿಂತು ಜನ ಕೂತಮೇಲೆ ಎಷ್ಟು ಖಾಲಿ ಎಂದು ಅವರು ಹೇಳಬೇಕು, ಅಷ್ಟು ಜನರನ್ನು ನಾನು ಬಿಡಬೇಕು. ಕೆಳಗೆ ಒಂದು ಹೊಸ ಬೋರ್ಡು ನಿಲ್ಲಿಸಿದ್ದರು. ಇಂಗ್ಲಿಷಿನಲ್ಲಿ ಏನೋ ಚೆನ್ನಾಗಿಯೇ ಇತ್ತು. ಕನ್ನಡದಲ್ಲಿ 'ಒಂಟಿ ಸವಾರರ ಸಾಲು' ಎಂದು ಬರೆಸಿದ್ದರು.

ಮೊದಲ ವಾರ ಒಂದು ನರಪಿಳ್ಳೆಯೂ ಬರಲಿಲ್ಲ. ಜನ ಬೋರ್ಡು ಓದುತ್ತಿದ್ದರು, ನನ್ನನ್ನು ನೋಡುತ್ತಿದ್ದರು, ಹೋಗುತ್ತಿದ್ದರು. ಒಬ್ಬ ಹೆಂಗಸು ಮಗಳ ಕೈ ಹಿಡಿದೆಳೆದು, "ಒಂಟಿ ಅಂತೆ, ಬಾರೇ ಈಕಡೆ" ಅಂದಳು. ಇನ್ನೊಬ್ಬರು ನಿಂತು, "ಯಾಕಮ್ಮ, ಒಬ್ಬೊಬ್ರನ್ನೇ ಕರ್ಕೊಂಡ್ ಹೋಗಿ ಏನ್ ಮಾಡ್ತೀರಾ?" ಎಂದು ಕೇಳಿ, ತಮ್ಮ ಮಾತಿಗೆ ತಾವೇ ನಕ್ಕರು. ನಗಬೇಕಾದ ಮಾತು ಎಂದು ನನಗೂ ಗೊತ್ತಾಯಿತು. ನಗು ಬರಲಿಲ್ಲ. ಸಿಂಗಲ್ ರೈಡರ್ ಅಂದರೆ ಪಾರ್ಕಿಗೆ ಒಬ್ಬರೇ ಬಂದವರು ಎಂದು ತಿಳಿದವರೇ ಎಲ್ಲ. ನಮ್ಮ ಕಡೆ ಇಂಥ ಜಾಗಕ್ಕೆ ಯಾರು ಒಬ್ಬರೇ ಬರುತ್ತಾರೆ? ಮುಳಬಾಗಿಲಿನಿಂದ ಒಂದು ವ್ಯಾನು ಹೊರಟರೆ ಅದರಲ್ಲಿ ಓರಗಿತ್ತಿಯರು, ನಾದಿನಿಯರು, ಎದುರು ಮನೆಯವರು, ಜೊತೆಗೆ ಡ್ರೈವರಿನ ಮಕ್ಕಳೂ ಇರುತ್ತಾರೆ.

ಎರಡನೇ ವಾರ ಬಂದವರು ಕಾಲೇಜು ಹುಡುಗರು. ಸಾಲು ಖಾಲಿ ಇರುವುದನ್ನು ಕಂಡು ಎಂಟು ಜನ ಒಟ್ಟಿಗೆ ಓಡಿಬಂದರು. ಮೇಲೆ ಬಂದಮೇಲೆ, "ಅಕ್ಕಾ, ನಾವ್ ಎಂಟೂ ಜನ ಸಿಂಗಲ್ಲೇ, ಒಟ್ಟಿಗೆ ಕೂರ್ಸಿ" ಅಂದರು. ಆಗುವುದಿಲ್ಲ ಅಂದೆ. ಎರಡು ಖಾಲಿ ಇದ್ದವು, ಇಬ್ಬರನ್ನು ಬಿಟ್ಟೆ. ಉಳಿದ ಆರು ಜನ ಸರಪಳಿಗೆ ಜೋತುಬಿದ್ದು ನನ್ನ ಪ್ರಾಣ ತಿಂದರು. ಬೈಯಬೇಕಿತ್ತು. ನನಗೆ ಸಿಟ್ಟೂ ಬರುತ್ತಿರಲಿಲ್ಲ. ಅವರಿಗೇ ಬೇಸರವಾಗಿ ಹೊರಟುಹೋದರು.

ಆಮೇಲೆ ಆ ಗಂಡ ಹೆಂಡತಿ. ಹೊಸದಾಗಿ ಮದುವೆಯಾದವರು, ಅರಿಶಿನದ ದಾರ ಇನ್ನೂ ಹೊಳೆಯುತ್ತಿತ್ತು. ಬೇರೆ ಬೇರೆ ಕೂರಬೇಕಾಗುತ್ತದೆ ಎಂದು ಎರಡೆರಡು ಸಲ ಹೇಳಿದೆ. "ಆಯ್ತಮ್ಮ, ಬೇಗ ಆದ್ರೆ ಸಾಕು" ಅಂದ ಗಂಡ. ಹೆಂಡತಿಗೆ ಸಿಕ್ಕ ಸೀಟು ಒಬ್ಬ ಮೀಸೆ ಗಂಡಸಿನ ಪಕ್ಕದಲ್ಲಿತ್ತು. ನಾಲ್ಕು ಸಾಲು ಹಿಂದೆ ಕುಳಿತ ಗಂಡ ಅದನ್ನು ನೋಡಿದವನೇ ಕಂಬಿ ಬಿಗಿಯುವ ಮೊದಲೇ ಎದ್ದು ಹಳಿಯ ಕಡೆಗೆ ಕಾಲಿಟ್ಟ. ಆಪರೇಟರು ಕೆಂಪು ಗುಂಡಿ ಒತ್ತಿದರು. ಆ ಗುಂಡಿ ಒತ್ತಿದರೆ ಎಲ್ಲ ನಿಲ್ಲುತ್ತದೆ. ಎಲ್ಲರನ್ನೂ ಇಳಿಸಬೇಕು, ಹಳಿ ನೋಡಿ ಬರಬೇಕು, ಖಾಲಿ ಟ್ರೈನನ್ನು ಒಂದು ಸುತ್ತು ಕಳಿಸಿ, ಅದು ವಾಪಸು ಬಂದಮೇಲೆ ಮತ್ತೆ ಶುರು ಮಾಡಬೇಕು. ಕೆಳಗಿನ ಸಾಲು ಕೂಗಾಡಿತು. ಮ್ಯಾನೇಜರು ಓಡಿಬಂದರು. "ಹೆಣ್ಮಕ್ಕಳನ್ನ ಹೆಣ್ಮಕ್ಕಳ ಪಕ್ಕಾನೇ ಕೂರ್ಸಮ್ಮ, ಬಸ್ಸಲ್ಲಿ ಕೂರ್ಸಲ್ವಾ ಹಂಗೆ" ಎಂದರು. ಇದು ಮೊದಲೇ ಹೊಳೆಯಬೇಕಿತ್ತು. ಅಲ್ಲಿಂದ ಮುಂದೆ ಆಪರೇಟರು ಬೆರಳು ಎತ್ತಿದರೆ ಗಂಡಸಿನ ಪಕ್ಕದ ಸೀಟು, ಅಂಗೈ ತೋರಿಸಿದರೆ ಹೆಂಗಸಿನ ಪಕ್ಕದ ಸೀಟು ಎಂದು ಮಾಡಿಕೊಂಡೆವು. ಆದರೆ ಸಾಲಿಗೆ ಬರುತ್ತಿದ್ದ ಕೆಲವರೂ ಗಂಡಸರೇ. ಅಂಗೈ ತೋರಿಸಿದಾಗೆಲ್ಲ ಸೀಟು ಖಾಲಿಯೇ ಹೋಯಿತು.

ಕೊನೆಗೆ ಮುಳಬಾಗಿಲಿನ ಒಂದು ಮನೆಯವರು ನಮ್ಮ ಮಾನ ಕಳೆದರು. ಒಂಬತ್ತು ಜನ, ಎಲ್ಲ ಒಪ್ಪಿಕೊಂಡೇ ಬಂದರು. ಒಬ್ಬೊಬ್ಬರೇ ಹೋಗಲು ತಕರಾರಿಲ್ಲ, ಯಾರ ಪಕ್ಕ ಬೇಕಾದರೂ ಸರಿ. ಇಂಥವರು ನೂರು ಜನ ಬರಲಿ ಅಂದುಕೊಂಡೆ. ಮೊದಲನೆಯವರು ಹೋಗಿಬಂದರು. ಬಂದವರು ಕೆಳಗೆ ಹೋಗಲಿಲ್ಲ. ಇಳಿಜಾರಿನಲ್ಲೇ ನಿಂತರು.

"ಕೆಳಗಡೆ ಹೋಗಿ ಸಾರ್."

"ನಮ್ಮೋರು ಬರ್ಲಿ ತಾಳಮ್ಮ. ಅವ್ರನ್ನ ಬಿಟ್ಟು ನಾನೊಬ್ನೇ ಎಲ್ಲಿಗ್ ಹೋಗ್ಲಿ?"

ಎರಡನೆಯವರು ಬಂದು ಅವರ ಪಕ್ಕ ನಿಂತರು. ಮೂರನೆಯವರೂ ನಿಂತರು. ಒಬ್ಬೊಬ್ಬರೇ ಹೋದರು, ಆದರೆ ಒಂಬತ್ತನೆಯವರು ಇಳಿಯುವವರೆಗೆ ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ಆ ಇಳಿಜಾರು ಟ್ರೈನಿನಿಂದ ಇಳಿದ ಎಲ್ಲರ ದಾರಿ. ಹಿಂದಿನ ಟ್ರೈನಿನವರು ಇವರ ಹಿಂದೆ ಸಿಕ್ಕಿಬಿದ್ದರು, ಪ್ಲಾಟ್‌ಫಾರಂ ತುಂಬಿತು, ಪ್ಲಾಟ್‌ಫಾರಂ ಖಾಲಿಯಾಗದೆ ಮುಂದಿನ ಟ್ರೈನನ್ನು ಬಿಡುವಂತಿಲ್ಲ. ಕಾಯುವುದನ್ನು ಕಡಿಮೆ ಮಾಡಲು ಬಂದ ಸಾಲಿನಿಂದಾಗಿ ಆ ದಿನ ಎಲ್ಲರೂ ಇನ್ನಷ್ಟು ಕಾದರು. ಸಂಜೆ ಮ್ಯಾನೇಜರು ನನ್ನನ್ನು ಕರೆಸಿ, ಮುಖ ನೋಡದೆ ಹೇಳಿದರು: "ನಿಮ್ಮ ತಪ್ಪಲ್ಲಮ್ಮ ಇದು. ರಜೆ ಮುಗಿಯೋವರ್ಗೂ ಹೆಂಗೋ ಇಟ್ಕೊಂಡಿರ್ತೀನಿ. ಆಮೇಲೆ ನನ್ನ ಕೈಲಿಲ್ಲ."

ಮನೆಗೆ ಹೋಗಿ ತಮ್ಮನ ಫೋನು ಎತ್ತಿದೆ. ಕೋಣೆಗೆ ಫ್ಯಾನು ಹಾಕಿಸಿದ್ದೇನೆ ಅಂದ. ಒಳ್ಳೆಯದು ಅಂದೆ. ಅವತ್ತು ಮಾತ್ರ ನನಗೆ ಸ್ವಲ್ಪ ಹೆದರಿಕೆಯಾಯಿತು. ಹೋಗಬೇಕಾಗುತ್ತದೆ ಎಂದಲ್ಲ. ಹೋಗಲು ಒಪ್ಪಿಬಿಡುತ್ತೇನೇನೋ ಎಂದು.

ಇಳಿಜಾರಿನ ಬುಡದಲ್ಲಿ ಒಂದು ದೊಡ್ಡ ಹೊಂಗೆ ಮರವಿದೆ, ಸುತ್ತ ಕಟ್ಟೆ. ನಾನು ನಿಲ್ಲುವ ಜಾಗದಿಂದ ಅದು ನೇರವಾಗಿ ಕಾಣುತ್ತದೆ. ಮಾರನೆಯ ದಿನ ಊಟದ ಹೊತ್ತಿಗೆ ಡಬ್ಬಿ ಹಿಡಿದು ಆ ನೆರಳಿಗೆ ಹೋದೆ. ಶ್ರೀನಿವಾಸಪುರದ ಕಡೆಯ ಒಬ್ಬ ಅಜ್ಜಿ ಕುಳಿತಿದ್ದರು. ಸುತ್ತ ಐದಾರು ಬ್ಯಾಗು, ಒಂದು ನೀರಿನ ಕ್ಯಾನು, ಒದ್ದೆ ಬಟ್ಟೆಯ ಗಂಟು, ಸಾಲಾಗಿ ಜೋಡಿಸಿದ ಚಪ್ಪಲಿಗಳು. ಮಡಿಲಲ್ಲಿ ಕರ್ಚೀಫಿನಲ್ಲಿ ಕಟ್ಟಿದ ಮೊಬೈಲುಗಳು.

"ಏಮ್ಮಾ, ಮಾವಾಳ್ಳು ಇಂಕಾ ರಾಲೇದಾ?" ಎಂದು ಕೇಳಿದರು. ನಮ್ಮವರು ಇನ್ನೂ ಬರಲಿಲ್ಲವಾ ಎಂದು. ನಮ್ಮ ಕಡೆ ಮಾತು ತೆಲುಗಿನಲ್ಲಿ ಶುರುವಾದರೆ ಕನ್ನಡದಲ್ಲಿ ಮುಗಿಯುತ್ತದೆ.

"ಇನ್ನೂ ಹೊತ್ತಾಗತ್ತಜ್ಜಿ. ಸಾಲು ದೊಡ್ಡದಿದೆ. ನೀವು ಹೋಗ್ಲಿಲ್ವಾ?"

"ನಾನೂ ಹೋದ್ರೆ ಇವನ್ನೆಲ್ಲಾ ಯಾರಮ್ಮಾ ನೋಡೋರು?"

"ಅವ್ರು ಬಂದ್ಮೇಲೆ ಹೋಗ್ಬೋದಲ್ಲ?"

"ಅವ್ರು ಬರೋ ಹೊತ್ಗೆ ವ್ಯಾನ್ ಹೊರಡೋ ಹೊತ್ತಾಗತ್ತೆ. ನನ್ನೊಬ್ಳಿಗೋಸ್ಕರ ಅಷ್ಟೂ ಜನ ಇನ್ನೆರಡು ಗಂಟೆ ಕಾಯ್ಬೇಕಾ? ಬ್ಯಾಡ ಬಿಡು." ಸ್ವಲ್ಪ ಹೊತ್ತು ಮೇಲೆ ಹಳಿಯ ಕಡೆ ನೋಡಿ, "ಆಸೆ ಇಲ್ದೆ ಏನು, ಇದೆ" ಅಂದರು.

ನಾನು ಅನ್ನ ಕಲೆಸುತ್ತಾ ಕಟ್ಟೆಯ ಸುತ್ತ ನೋಡಿದೆ. ಅಜ್ಜಿಯ ಆಚೆ ಒಬ್ಬ ಚಿಕ್ಕಮ್ಮ, ಕಂಕುಳಲ್ಲಿ ಯಾರದೋ ಮಗು, ಕಾಲ ಹತ್ತಿರ ಚಪ್ಪಲಿ ರಾಶಿ. ಅವರ ಆಚೆ ಕನ್ನಡಕಗಳನ್ನು ಸೆರಗಿನಲ್ಲಿ ಹಿಡಿದ ಇನ್ನೊಬ್ಬರು. ಪ್ರತಿ ಗುಂಪಿಗೂ ಒಬ್ಬರು. ಬಹುಪಾಲು ಹೆಂಗಸರು. ನಾಲ್ಕು ವರ್ಷದಿಂದ ನೋಡುತ್ತಿದ್ದೆ, ಮರದ ಬುಡದಲ್ಲಿ ಜನ ಕುಳಿತಿರುತ್ತಾರೆ ಎಂದಷ್ಟೇ ಅಂದುಕೊಂಡಿದ್ದೆ. ಪಾರ್ಕಿಗೆ ಯಾರೂ ಒಬ್ಬರೇ ಬರುವುದಿಲ್ಲ ನಿಜ. ಆದರೆ ಬಂದ ಪ್ರತಿ ಗುಂಪೂ ಒಬ್ಬರನ್ನು ಒಂಟಿ ಮಾಡಿ ಇಲ್ಲಿ ಕೂರಿಸಿ ಹೋಗುತ್ತದೆ. ನಾನು ಮೇಲೆ ಸರಪಳಿ ಹಿಡಿದು ಕಾಯುತ್ತಿದ್ದವರು ಇಲ್ಲಿ ಕೆಳಗೆ ಬ್ಯಾಗು ಹಿಡಿದು ಕಾಯುತ್ತಿದ್ದರು.

ಅವರ ಮನೆಯವರು ಟ್ರೈನಿನಿಂದ ಇಳಿದು ಬರುವುದೂ ಇದೇ ಇಳಿಜಾರಿನಲ್ಲಿ. ಬುಡಕ್ಕೆ ಬಂದು ಬ್ಯಾಗು ಇಸಿದುಕೊಂಡರೆ, ಇವರು ಅದೇ ಇಳಿಜಾರಿನ ಇನ್ನೊಂದು ಬದಿಯಿಂದ ನನ್ನ ಸರಪಳಿಗೆ ಬರಬಹುದು. ಎರಡು ಮೂರು ಟ್ರೈನಿನೊಳಗೆ ಸೀಟು ಸಿಗುತ್ತದೆ. ಹೆಂಗಸರಾದ್ದರಿಂದ ಅಂಗೈ ತೋರಿಸಿದ ಸೀಟುಗಳೂ ತುಂಬುತ್ತವೆ. ಇಳಿದುಬಂದ ಮನೆಯವರು ದಾರಿಯಲ್ಲಿ ನಿಲ್ಲದೆ ಮರದ ಕೆಳಗೆ ಬ್ಯಾಗು ಕಾಯುತ್ತಾ ಕೂರುತ್ತಾರೆ. ಡಬ್ಬಿ ಮುಚ್ಚುವಷ್ಟರಲ್ಲಿ ಇಷ್ಟೂ ಹೊಳೆಯಿತು. ಖುಷಿಯೇನೂ ಆಗಲಿಲ್ಲ. ಮಾಡಬೇಕಾದ ಕೆಲಸವೊಂದು ಕಂಡಿತು, ಅಷ್ಟೇ.

ಆಪರೇಟರಿಗೆ ಹೇಳಿದೆ.

"ಮ್ಯಾನೇಜರ್ಗೆ ಹೇಳಿದ್ರಾ?"

"ಇಲ್ಲ."

"ಬೈದ್ರೆ?"

"ಬೈಲಿ."

ಅವರು ನನ್ನ ಮುಖ ನೋಡಿದರು. ಮೊದಲಾಗಿದ್ದರೆ ಕೇಳದೆ ಒಂದು ಕುರ್ಚಿಯನ್ನೂ ಸರಿಸುವವಳಲ್ಲ ನಾನು. ಬೈಗುಳಕ್ಕೆ ಹೆದರಬೇಕಾದರೂ ಒಳಗೆ ಏನಾದರೂ ಅಲ್ಲಾಡಬೇಕು. ಅಲ್ಲಾಡುತ್ತಿರಲಿಲ್ಲ.

ಬೋರ್ಡನ್ನು ಗೋಡೆಯ ಕಡೆ ತಿರುಗಿಸಿದೆ. ಅಜ್ಜಿಯ ಮನೆಯವರು ಇಳಿದು ಬಂದಾಗ ಬುಡದಲ್ಲೇ ನಿಲ್ಲಿಸಿ, "ಬ್ಯಾಗ್ ನೀವ್ ಹಿಡ್ಕೊಳ್ಳಿ, ಅಜ್ಜೀನ ಕಳ್ಸಿ. ಬೇಗ ಆಗತ್ತೆ, ವ್ಯಾನ್ ತಪ್ಪಲ್ಲ" ಅಂದೆ. ಅಜ್ಜಿ ಬೇಡ ಬೇಡ ಅಂದರು. ಸೊಸೆ ಮಡಿಲಿನಿಂದ ಮೊಬೈಲಿನ ಗಂಟು ಕಿತ್ತುಕೊಂಡು, "ಹೋಗಿ ಅತ್ತೆ, ನಾ ನೋಡ್ಕೊಂಡಿರ್ತೀನಿ" ಅಂದಳು. ಬಿಪಿ ಇದೆಯಾ, ಎದೆನೋವು ಇದೆಯಾ, ಮಂಡಿ ಆಪರೇಷನ್ ಆಗಿದೆಯಾ ಎಂದು ನಾವು ಕೇಳಬೇಕಾದ್ದನ್ನೆಲ್ಲ ಕೇಳಿದೆ. ರಾಗಿ ಮೂಟೆ ಎತ್ತುತ್ತೇನೆ ಅಂದರು. ಸರಪಳಿಯ ಹತ್ತಿರ ನಿಂತಾಗ ತಿರುಗಿಸಿಟ್ಟ ಬೋರ್ಡಿನ ಕಡೆ ಕೈ ಮಾಡಿ, ಅದರಲ್ಲಿ ಏನಿತ್ತು ಎಂದು ಕೇಳಿದರು. ಹೇಳಿದೆ.

"ಥೂ. ರಾಗಿ ಅಳೆಯುವಾಗ ಮೊದಲ್ನೇ ಸೇರನ್ನ ಒಂದು ಅಂತೀವಾ? ಲಾಭ ಅಂತೀವಿ. ಲಾಭ, ಎರಡು, ಮೂರು. ಒಂಟಿ ಅಂತ ಬರ್ದು ನಿಲ್ಸಿದ್ರೆ ಯಾರ್ ಬರ್ತಾರೆ?"

ಆಪರೇಟರು ವಾಕಿಟಾಕಿಯಲ್ಲಿ ಇದನ್ನು ಕೇಳಿಸಿಕೊಂಡಿರಬೇಕು. ಗುಂಡಿ ಒತ್ತಿಯೇ ಇಟ್ಟುಕೊಂಡಿದ್ದೆ. ಗಾಜಿನ ಕೋಣೆಯಿಂದ ಅಂಗೈ ತೋರಿಸಿ, "ಲಾಭ ಇದೆ, ಕಳ್ಸಿ" ಅಂದರು. ಅವತ್ತಿನಿಂದ ಒಂದು ಸೀಟಿಗೆ ನಮ್ಮಲ್ಲಿ ಅದೇ ಹೆಸರು.

ಅಜ್ಜಿ ಹೋಗಿಬಂದರು. ಕೂದಲು ಕೆದರಿತ್ತು. ಇಳಿಜಾರಿನ ಕಂಬಿ ಹಿಡಿದು ಒಂದು ನಿಮಿಷ ನಿಂತು, "ಮಾವಾಳ್ಳಕಿ ಚೆಪ್ಪೊದ್ದು, ನಮ್ಮೋರಿಗೆ ಹೇಳ್ಬೇಡ. ಕಣ್ಣು ಮುಚ್ಕೊಂಡೇ ಇದ್ದೆ" ಎಂದು ನನ್ನ ಕಿವಿಯಲ್ಲಿ ಹೇಳಿ ಕೆಳಗೆ ಹೋದರು. ಕೆಳಗೆ ಅವರ ಮನೆಯವರು ಚಪ್ಪಾಳೆ ತಟ್ಟಿದರು. ಅದನ್ನು ನೋಡಿ ಕಟ್ಟೆಯ ಮೇಲಿದ್ದ ಚಿಕ್ಕಮ್ಮ ಎದ್ದು ನಿಂತರು.

ಎಲ್ಲ ನೆಟ್ಟಗೆ ನಡೆಯಿತು ಅಂತಲ್ಲ. ಎರಡೇ ದಿನದಲ್ಲಿ ಜನ ಇದಕ್ಕೂ ಉಪಾಯ ಹುಡುಕಿದರು. ಒಂದೇ ಬ್ಯಾಗನ್ನು ಆರು ಜನ ಗಂಡಸರು ಕಾಯುತ್ತಾ ಕುಳಿತರು. ಒಬ್ಬರ ಮೇಲೊಬ್ಬರು ಬಂದು, "ನಾನೇ ಮೇಡಂ ಬ್ಯಾಗ್ ಕಾಯೋನು" ಎಂದರು. ನಾನು ಕೆಳಗೆ ಬಂದು ನಿಂತೆ. ಮನೆಯವರು ಇಳಿದು ಬರುವುದನ್ನು ನನ್ನ ಕಣ್ಣಿಂದ ನೋಡಬೇಕು, ಬ್ಯಾಗು ಕೈಯಿಂದ ಕೈಗೆ ಹೋಗಬೇಕು, ಕೊಟ್ಟವರು ಮಾತ್ರ ಮೇಲೆ. ಮೇಲಿನ ಸರಪಳಿಗೆ ಪ್ಲಾಟ್‌ಫಾರಂನವರೇ ಒಬ್ಬರು ನಿಂತರು. ಮಗುವನ್ನು ಎತ್ತಿಕೊಂಡವರು ಮಗುವನ್ನೂ ಹಾಗೇ ಕೈ ಬದಲಿಸಬೇಕು. ಚಪ್ಪಲಿ ಕೆಳಗೇ ಬಿಡಬೇಕು, ಸೆರಗು ಸೊಂಟಕ್ಕೆ ಸಿಕ್ಕಿಸಬೇಕು, ಹೇರ್‌ಪಿನ್ನು ತೆಗೆಯಬೇಕು. ಸೆರಗು ಸಿಕ್ಕಿಸುವ ಹೊತ್ತಿಗೆ ಅರ್ಧ ಜನ ಹೆದರಿ ವಾಪಸು ಹೋಗಲು ನೋಡುತ್ತಿದ್ದರು. ನಾನು ಸಮಾಧಾನ ಹೇಳಲಿಲ್ಲ. "ಹೋಗಿ, ಏನೂ ಆಗಲ್ಲ" ಎಂದು ಒಂದೇ ದನಿಯಲ್ಲಿ ಹೇಳುತ್ತಿದ್ದೆ. ನನಗೆ ಏನೂ ಆಗುತ್ತಿಲ್ಲ ಎನ್ನುವುದು ಮುಖದ ಮೇಲೇ ಇತ್ತೋ ಏನೋ, ನಂಬಿ ಹೋಗುತ್ತಿದ್ದರು.

ಮ್ಯಾನೇಜರು ಬಂದು ಬೈದರು. ಬೋರ್ಡು ತಿರುಗಿಸಿದ್ದಕ್ಕೆ, ಕೇಳದೆ ಜಾಗ ಬಿಟ್ಟಿದ್ದಕ್ಕೆ. ಬೈಯುತ್ತಾ ಬೈಯುತ್ತಾ ಎರಡು ಟ್ರೈನು ಹೋಗುವುದನ್ನು ನೋಡಿದರು. ಎರಡೂ ತುಂಬಿ ಹೋದವು. ಬೈಗುಳವನ್ನು ಅಲ್ಲಿಗೇ ಬಿಟ್ಟು ಹೊರಟುಹೋದರು.

ರಜೆಯ ಕೊನೆಯ ಭಾನುವಾರ ಅವರು ಮಧ್ಯಾಹ್ನದಿಂದ ಪ್ಲಾಟ್‌ಫಾರಂನಲ್ಲೇ ನಿಂತಿದ್ದರು. ಜೊತೆಗೆ ಹೆಡ್ ಆಫೀಸಿನವರೊಬ್ಬರು. ಹೊರಡುವ ಪ್ರತಿ ಟ್ರೈನಿನಲ್ಲೂ ಖಾಲಿ ಸೀಟು ಹುಡುಕುತ್ತಿದ್ದರು. ಸಿಗಲಿಲ್ಲ. ಸಾಯಂಕಾಲ ಕೊನೆಯ ಟ್ರೈನು. ಕಟ್ಟೆಯ ಮೇಲೆ ಉಳಿದಿದ್ದ ಒಬ್ಬರೇ ಹೆಂಗಸನ್ನು, ಅವರ ಮನೆಯವರು ಬಂದು ಬ್ಯಾಗು ಇಸಿದುಕೊಂಡಮೇಲೆ ನಾನೇ ಮೇಲೆ ಕರೆದುಕೊಂಡು ಹೋದೆ. ಐವತ್ತು ದಾಟಿದವರು, ಎರಡೂ ಕೈ ತುಂಬ ಗಾಜಿನ ಬಳೆ. ದೊಡ್ಡ ಸಾಲೂ ಮುಗಿದಿತ್ತು. ಕೊನೆಯ ಸಾಲಿನ ಎರಡೂ ಸೀಟು ಖಾಲಿ. ಒಂದರಲ್ಲಿ ಕುಳಿತು ಪಕ್ಕಕ್ಕೆ ನೋಡಿದರು.

"ಇಲ್ಲಿ ಯಾರೂ ಇಲ್ವಾ? ನಾನೊಬ್ಳೇ ಕೂರಲ್ಲಮ್ಮ" ಎಂದು ಏಳಲು ನೋಡಿದರು.

ಆಪರೇಟರು ಕೋಣೆಯಿಂದ ನನ್ನ ಕಡೆ ಅಂಗೈ ತೋರಿಸಿದರು. ನಾನು ಇಳಿಜಾರಿನ ಕಡೆ ತಿರುಗಿ ನೋಡಿದೆ. ಯಾರೂ ಇಲ್ಲ. ಮತ್ತೆ ಅವರ ಕಡೆ ನೋಡಿದೆ. ಅಂಗೈ ಇನ್ನೂ ಹಾಗೇ ಇತ್ತು.

"ಲಾಭ ಇದೆಯಮ್ಮ. ನೀವೇ ಬನ್ನಿ" ಎಂದು ವಾಕಿಟಾಕಿಯಲ್ಲಿ ಕೇಳಿಸಿತು.

ನಾನು ಮ್ಯಾನೇಜರ ಮುಖ ನೋಡಿದೆ. ಅವರು ಕೈ ಚಾಚಿದರು. ವಾಕಿಟಾಕಿ ಕೇಳುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವರ ಕೈಗೆ ಅದನ್ನು ಕೊಟ್ಟೆ, ಬೂಟು ಬಿಚ್ಚಿಟ್ಟೆ, ಹೋಗಿ ಕುಳಿತೆ. ನನ್ನ ತೊಡೆಯ ಮೇಲೆ ಬೇರೆ ಯಾರೋ ಕಂಬಿ ಒತ್ತಿ, ಎಳೆದು ನೋಡಿದರು.

ಮೇಲಕ್ಕೆ ಹತ್ತುವಾಗ ಟೇಕಲ್ ಬೆಟ್ಟ ಕಾಣುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಕಂಡಿತು. ಆಮೇಲೆ ಟ್ರೈನು ಕೆಳಕ್ಕೆ ಬಿತ್ತು. ಹೊಟ್ಟೆ ಬಾಯಿಗೆ ಬರುತ್ತದೆ ಅನ್ನುತ್ತಾರೆ, ನನಗೆ ಏನೂ ಬರಲಿಲ್ಲ. ಕೂಗೂ ಬರಲಿಲ್ಲ. ಎತ್ತರಕ್ಕೆ ಹೆದರುತ್ತಿದ್ದವಳು ಈಗ ಹೆದರಿಕೆಯೂ ಇಲ್ಲದೆ ಕುಳಿತಿದ್ದೇನೆ ಎಂದು ಯೋಚಿಸಿದ್ದು ನೆನಪಿದೆ. ಪಕ್ಕದವರು ಮೊದಲ ಇಳುಕಲಿನಲ್ಲೇ ನನ್ನ ಎಡಗೈಯನ್ನು ಎಳೆದುಕೊಂಡು, ತಮ್ಮ ಎರಡೂ ಕೈಗಳಿಂದ ಅಮುಕಿ ಹಿಡಿದು, ಕೊನೆಯವರೆಗೂ ಅವ್ವಾ ಅವ್ವಾ ಎಂದು ಕೂಗುತ್ತಿದ್ದರು. ಟ್ರೈನು ನಿಂತು ಕಂಬಿ ಮೇಲೆದ್ದಮೇಲೂ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ. ಇಳಿಜಾರಿನ ಬುಡದಲ್ಲಿ ಮನೆಯವರನ್ನು ಕಂಡಮೇಲೆ ಕೈ ಬಿಟ್ಟು, ತಿರುಗಿ ನೋಡದೆ ಅವರ ಕಡೆ ಹೋದರು.

ಹೆಡ್ ಆಫೀಸಿನವರು ಹೊರಟಮೇಲೆ ಮ್ಯಾನೇಜರು ಬಂದು, "ಸಾಲು ಇರತ್ತಮ್ಮ. ಬೋರ್ಡ್ ಬೇರೆ ಬರೆಸೋಣ, ಏನಂತ ಬರೀಬೇಕು ನೀವೇ ಹೇಳಿ" ಅಂದರು. ನಾಳೆ ಹೇಳುತ್ತೇನೆ ಅಂದೆ.

ಲಾಕರು ತೆಗೆದಾಗ ಫೋನು ಹೊಡೆದುಕೊಳ್ಳುತ್ತಿತ್ತು. ತಮ್ಮ. "ಯಾವಾಗ ಬರ್ತೀಯಕ್ಕ? ಗಾಡಿ ಕಳಿಸ್ಲಾ?"

"ಬರಲ್ಲ ಕಣೋ. ಇಲ್ಲಿ ಕೆಲ್ಸ ಇದೆ. ಆ ಕೋಣೇಲಿ ಕ್ರೇಟೇ ಇಟ್ಕೋ."

ಅವನು ಏನೋ ಹೇಳುತ್ತಿದ್ದ. ನಾನು ಕೈ ನೋಡಿಕೊಳ್ಳುತ್ತಿದ್ದೆ. ಬರಿದಾದ ಮಣಿಕಟ್ಟಿನ ಸುತ್ತ ಆ ಹೆಂಗಸಿನ ಬಳೆಗಳು ಒತ್ತಿ, ಒಂದರ ಪಕ್ಕ ಒಂದು ಕೆಂಪು ಗೆರೆ ಎದ್ದಿದ್ದವು. ಲಾಕರಿನ ಮೂಲೆಯಲ್ಲಿ ನನ್ನ ಹಸಿರು ಬಳೆಗಳಿದ್ದವು. ಯಜಮಾನರು ಹೋದ ದಿನ ಬೆಳಿಗ್ಗೆ ಬಿಚ್ಚಿಟ್ಟವು, ಯಾರೂ ಒಡೆಯದವು. ಎರಡು ತಿಂಗಳಿಂದ ದಿನಾ ಅವುಗಳ ಪಕ್ಕದಲ್ಲೇ ಊಟದ ಡಬ್ಬಿ ಇಟ್ಟಿದ್ದೆ. ಫೋನನ್ನು ಕಟ್ ಮಾಡದೆ ಪಕ್ಕಕ್ಕಿಟ್ಟು, ಒಂದನ್ನು ತೆಗೆದು ಎಡಗೈಗೆ ಹಾಕಿಕೊಂಡೆ. ಮಣಿಕಟ್ಟು ಬಾತಿತ್ತು. ಗೆರೆಗಳ ಮೇಲೆ ಬಳೆ ಉಜ್ಜಿಕೊಂಡು ಹೋದಾಗ ನೋವಾಯಿತು.

"ಏನಾಯ್ತಕ್ಕ?" ಎಂದು ಫೋನಿನಲ್ಲಿ ತಮ್ಮ ಕೇಳುತ್ತಿದ್ದ. ನಾನು ಅಳುತ್ತಿದ್ದೇನೆ ಎಂದು ಅವನ ದನಿಯಿಂದ ಗೊತ್ತಾಯಿತು.